ಹೊಗೆಯ ಲೆಕ್ಕವೂ ಗಡಿ ದಾಟಲಿ

ಮಾನ್ಯ ಸಂಪಾದಕರೇ,

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ವಿದ್ಯುತ್ ಲೈನ್ ಚಾಲೂ ಆಯಿತು. ದಕ್ಷಿಣದ ಗ್ರಿಡ್ (ವಿದ್ಯುತ್ ಜಾಲ) ದೇಶದ ಉಳಿದ ಗ್ರಿಡ್ ಜೊತೆ ಕೂಡಿಕೊಂಡಿದ್ದು ಆವತ್ತೇ. ನಾನು ಅದೇ ರಾಯಚೂರಿನವನು. ಇಲ್ಲಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ, ಹಾರುಬೂದಿ ಮಾತ್ರ ನಮ್ಮಲ್ಲೇ ಉಳಿಯುತ್ತದೆ. ಬೆಳಕು ಒಬ್ಬರಿಗೆ, ಬೂದಿ ಇನ್ನೊಬ್ಬರಿಗೆ ಅಂದರೆ ಏನು ಅಂತ ನಮಗೆ ಗೊತ್ತು.

ಈಗ ಭೂತಾನ್, ನೇಪಾಳ, ಬಾಂಗ್ಲಾದೇಶಕ್ಕೂ ನಮ್ಮ ತಂತಿ ಹೋಗಿದೆ. 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವಾಟ್ ಕರೆಂಟು ಮೊದಲ ಸಲ ಭಾರತವನ್ನು ಹಾದು ಬಾಂಗ್ಲಾದೇಶ ತಲುಪಿತು. ತುಂಬಾ ಸಂತೋಷ. ಆದರೆ ಇಂಗಾಲದ ಲೆಕ್ಕ, ಅಂದರೆ ಯಾರ ಹೊಗೆ ಎಷ್ಟು ಅನ್ನುವ ಲೆಕ್ಕ, ಇನ್ನೂ ಆಯಾ ದೇಶದ ಗಡಿಯೊಳಗೇ ನಿಂತಿದೆ.

ಜಾರ್ಖಂಡ್‌ನ ಗೊಡ್ಡಾದಲ್ಲಿ 1,600 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದನ್ನು ಕಟ್ಟಿದ್ದೇ ಬಾಂಗ್ಲಾದೇಶಕ್ಕೆ ಕರೆಂಟು ಮಾರುವುದಕ್ಕೆ. ವಿಶ್ವಸಂಸ್ಥೆಗೆ ಕೊಡುವ ಲೆಕ್ಕದಲ್ಲಿ ಹೊಗೆ ಎಲ್ಲಿ ಎದ್ದಿತೋ ಆ ದೇಶದ್ದು. ಹಾಗಾಗಿ ಗೊಡ್ಡಾದ ಹೊಗೆ ಪೂರ್ತಿ ಭಾರತದ ಖಾತೆಗೆ ಬೀಳುತ್ತದೆ. ನಾನು ಬಾಂಗ್ಲಾದವರನ್ನು ದೂರುತ್ತಿಲ್ಲ. ಸಮುದ್ರ ಏರಿದರೆ ಮುಳುಗುವ ತಗ್ಗು ನೆಲ ಅವರದು. ಆದರೂ ಮಾರಿದವರಿಗೆ ಹಣ, ಕೊಂಡವರಿಗೆ ಬೆಳಕು ಅಂದಮೇಲೆ ಹೊಗೆ ಇಬ್ಬರದೂ ಅಲ್ವಾ?

ಭೂತಾನ್ ವಿಷಯ ಇನ್ನೂ ಸೂಕ್ಷ್ಮ. ಮಳೆಗಾಲದಲ್ಲಿ ತಾಲಾದಂಥ ಜಲವಿದ್ಯುತ್ ಸ್ಥಾವರಗಳಿಂದ ನಮಗೆ ಕರೆಂಟು ಬರುತ್ತದೆ. ಅಷ್ಟು ಕಲ್ಲಿದ್ದಲು ನಮ್ಮಲ್ಲಿ ಉಳಿಯುತ್ತದೆ. ಚಳಿಗಾಲದಲ್ಲಿ ಹೊಳೆ ಸೊರಗಿದಾಗ ಅವರೇ ನಮ್ಮಿಂದ ಕೊಳ್ಳುತ್ತಾರೆ. ನಮ್ಮ ಗ್ರಿಡ್‌ನಲ್ಲಿ ಕಲ್ಲಿದ್ದಲಿನ ಕರೆಂಟೇ ಜಾಸ್ತಿ. ಮಳೆಗಾಲದ ಉಳಿತಾಯದಲ್ಲಿ ಅವರಿಗೂ ಪಾಲು ಸಿಗಬೇಕು, ಚಳಿಗಾಲದ ಹೊಗೆಯಲ್ಲಿ ಅವರೂ ಪಾಲು ಹೊರಬೇಕು. ಒಂದೇ ಉಳಿತಾಯವನ್ನು ಎರಡೂ ದೇಶ ತಮ್ಮದೆಂದು ಬರೆದುಕೊಳ್ಳಬಾರದು.

ಇದೇನೂ ಆಗದ ಕೆಲಸವಲ್ಲ. ಭೂತಾನ್‌ನ ದಗಾಛು ಜಲವಿದ್ಯುತ್ ಯೋಜನೆಯನ್ನು, ಭಾರತದಲ್ಲಿ ಅದು ಉಳಿಸುವ ಇಂಗಾಲದ ಲೆಕ್ಕದ ಮೇಲೆ, ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ 2010ರಲ್ಲೇ ನೋಂದಾಯಿಸಲಾಗಿತ್ತು. ಹವಾಮಾನ ಬದಲಾವಣೆ ಕುರಿತ ಪ್ಯಾರಿಸ್ ಒಪ್ಪಂದದ ಆರನೇ ವಿಧಿಯಲ್ಲೂ ದೇಶಗಳು ಇಂಗಾಲದ ಉಳಿತಾಯವನ್ನು ಒಬ್ಬರಿಗೊಬ್ಬರು ವರ್ಗಾಯಿಸಿಕೊಳ್ಳಲು ದಾರಿ ಇದೆ.

ಪಾಲು ಸುಮ್ನೆ ಅರ್ಧರ್ಧ ಆಗಬೇಕಿಲ್ಲ. ಬಡ ದೇಶಕ್ಕೆ ಕಡಿಮೆ ಹೊರೆ ಇರಲಿ. ಆದರೆ ವಿದ್ಯುತ್ ಮಾರಾಟದ ಪ್ರತಿ ಹೊಸ ಒಪ್ಪಂದದಲ್ಲೂ ದರದ ಜೊತೆ ಹೊಗೆಯ ಪಾಲನ್ನೂ ಬರೆಯಲಿ. ಯೂನಿಟ್ ಎಣಿಸಲು ಮೀಟರ್ ಹೇಗೂ ಇದೆ. ಆ ಯೂನಿಟ್ ನೀರಿನದೋ ಕಲ್ಲಿದ್ದಲಿನದೋ ಅನ್ನುವುದನ್ನೂ ಪ್ರತಿ ತಿಂಗಳು ಪ್ರಕಟಿಸಲಿ ಎಂದು ನಮ್ಮ ಇಂಧನ ಸಚಿವಾಲಯವನ್ನು ಕೇಳಿಕೊಳ್ಳುತ್ತೇನೆ.

– ನಿಮ್ಮ ಓದುಗ, ರಾಯಚೂರು