ಹಚ್ಚೆ ನೋಡಿ ಶಿಕ್ಷೆ ಬೇಡ

ಮಾನ್ಯ ಸಂಪಾದಕರೇ,

ಜೈಲಿನಲ್ಲಿ ಹೊಡೆದಾಟ ಅಂತ ಸುದ್ದಿ ಬಂದ ಕೂಡಲೇ ನಾವೆಲ್ಲ ಹೇಳುವ ಮಾತು ಒಂದೇ: ‘ಹೊರಗೆ ಗ್ಯಾಂಗ್ ಕಟ್ಟಿಕೊಂಡು ಮೆರೆದವರು ಒಳಗೆ ಸುಮ್ನೆ ಇರ್ತಾರಾ?’ ಈ ಮಾತು ಪೂರ್ತಿ ಸುಳ್ಳಲ್ಲ. ಆದರೆ ಇದೊಂದನ್ನೇ ನಂಬಿ ಜೈಲು ನಡೆಸಿದರೆ ಏನಾಗುತ್ತೆ ಅಂತ ಅಮೆರಿಕ ನೋಡಿ ಆಗಿದೆ, ಅದಕ್ಕೇ ಈ ಪತ್ರ.

ಎಲ್ಲವನ್ನೂ ಕಿತ್ತುಕೊಳ್ಳುವ ಜೈಲೇ ಕೈದಿಯ ನಡವಳಿಕೆಯನ್ನು ರೂಪಿಸುತ್ತೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞ ಗ್ರೆಶಮ್ ಸೈಕ್ಸ್ 1958ರಲ್ಲಿ ಬರೆದರು. 1962ರಲ್ಲಿ ಅಲ್ಲಿನವರೇ ಆದ ಸಮಾಜಶಾಸ್ತ್ರಜ್ಞರು ಜಾನ್ ಇರ್ವಿನ್ ಮತ್ತು ಡೊನಾಲ್ಡ್ ಕ್ರೆಸ್ಸಿ, ಬೀದಿಯ ಬುದ್ಧಿಯನ್ನು ಅವನು ಹೊರಗಿನಿಂದಲೇ ಹೊತ್ತು ತರುತ್ತಾನೆ ಅಂದರು. (ಇರ್ವಿನ್ ದರೋಡೆ ಕೇಸಿನಲ್ಲಿ ಐದು ವರ್ಷ ಒಳಗಿದ್ದು ಬಂದು ಆಮೇಲೆ ಪ್ರೊಫೆಸರ್ ಆದವರು, ಸುಮ್ನೆ ಕೂತು ಹೇಳಿದ್ದಲ್ಲ!) ಅರಿಜೋನಾ ಕೈದಿಗಳ ಮೊದಲ ಮೂರು ವರ್ಷಗಳ ಬಗ್ಗೆ 2006ರಲ್ಲಿ ಬಂದ ಒಂದು ಅಧ್ಯಯನವೂ ಅದನ್ನೇ ಹೇಳಿತು. ವಯಸ್ಸು, ಹಿಂದಿನ ಹೊಡೆದಾಟದ ಚಾಳಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಗ್ಯಾಂಗಿನವರ ಗಲಾಟೆ ಜಾಸ್ತಿಯೇ ಇತ್ತು.

ಜಾಸ್ತಿ ಅಂದರೆ ಎಲ್ಲರೂ ಅಂತಲ್ಲ, ಅಲ್ವಾ? ಗ್ಯಾಂಗಿನವನು ಅಂತ ಗೊತ್ತಾದವನ ಮೇಲೆ ಕಾವಲಿನವರ ಕಣ್ಣೂ ಜಾಸ್ತಿ ಇರುತ್ತೆ, ಬೇರೆಯವನು ಮಾಡಿದರೆ ಬೈದು ಬಿಡುವ ತಪ್ಪು ಇವನ ಹೆಸರಲ್ಲಿ ದಾಖಲಾಗಿಬಿಡುತ್ತೆ. ಇನ್ನು ಬೀದಿಯ ಲೆಕ್ಕ ಒಳಗೆ ಹಾಗೇ ನಡೆಯೋದೂ ಇಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಬೀದಿಗಳಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸುವ ಮೆಕ್ಸಿಕನ್ ಮೂಲದ ಹುಡುಗರು ಜೈಲಿಗೆ ಬಂದ ಮೇಲೆ ‘ಸುರೇನ್ಯೋ’ ಅನ್ನುವ ಒಂದೇ ಹೆಸರಿನಡಿ ಸೇರಿ, 1957ರಲ್ಲಿ ಜೈಲಿನೊಳಗೇ ಹುಟ್ಟಿದ ಮೆಕ್ಸಿಕನ್ ಮಾಫಿಯಾ ಅನ್ನೋ ಗ್ಯಾಂಗಿನ ಮಾತು ಕೇಳಿಕೊಂಡು ಇರಬೇಕಾಗುತ್ತೆ. ಗಲಾಟೆಯಾದರೆ ಎಲ್ಲರಿಗೂ ಬೀಗ ಬೀಳುತ್ತೆ, ಡ್ರಗ್ಸ್ ವ್ಯಾಪಾರ ಕೆಡುತ್ತೆ ಅಂತ ದೊಡ್ಡವರೇ ಹುಡುಗರ ಕೈ ಕಟ್ಟಿಹಾಕುವುದೂ ಉಂಟು. ಹೊರಗೆ ಯಾವ ಗ್ಯಾಂಗಿನಲ್ಲೂ ಇಲ್ಲದವನು ಒಳಗೆ ಬಂದು ಭಯಕ್ಕೆ ಒಂದು ಗುಂಪು ಸೇರಿಕೊಳ್ಳುತ್ತಾನಲ್ಲ, ಅವನನ್ನು ಯಾವ ಪಟ್ಟಿಗೆ ಹಾಕುತ್ತೀರಿ?

ಇದ್ಯಾವುದನ್ನೂ ನೋಡದೆ ಕ್ಯಾಲಿಫೋರ್ನಿಯಾ ಹಣೆಪಟ್ಟಿಯನ್ನೇ ಅಪರಾಧ ಮಾಡಿಬಿಟ್ಟಿತು. ಹಚ್ಚೆ, ಬಿಡಿಸಿದ ಚಿತ್ರ, ಯಾರೋ ಕಳಿಸಿದ ಶುಭಾಶಯ ಪತ್ರ, ಗ್ಯಾಂಗಿನವನು ಅನ್ನೋದಕ್ಕೆ ಇವೇ ಸಾಕ್ಷಿ. 1989ರಲ್ಲಿ ಶುರುವಾದ ಪೆಲಿಕನ್ ಬೇ ಜೈಲಿನ ಕಿಟಕಿಯಿಲ್ಲದ ಒಂಟಿ ಸೆಲ್‌ಗಳಲ್ಲಿ, 2011ರ ಹೊತ್ತಿಗೆ 500ಕ್ಕೂ ಹೆಚ್ಚು ಜನ 10 ವರ್ಷ ದಾಟಿದ್ದರು. ಅಲ್ಲಿಂದ ಹೊರಬರಲು ಇದ್ದ ಮುಖ್ಯ ದಾರಿ ಗ್ಯಾಂಗಿನ ಬಗ್ಗೆ ಗೊತ್ತಿದ್ದದ್ದನ್ನೆಲ್ಲ ಬಾಯಿಬಿಡುವುದು. ಬಾಯಿಬಿಟ್ಟರೆ ಅವನ ಜೀವಕ್ಕೂ ಮನೆಯವರಿಗೂ ಗ್ಯಾಂಗಿನವರಿಂದ ಅಪಾಯ, ಬಿಡದಿದ್ದರೆ ಅದೇ ಸೆಲ್. ಇದನ್ನು ವಿರೋಧಿಸಿ 2013ರಲ್ಲಿ ರಾಜ್ಯದ ಸುಮಾರು 30,000 ಕೈದಿಗಳು ಊಟ ಬಿಟ್ಟು ಕೂತರು, ಅವರಲ್ಲಿ ಬೇರೆ ಬೇರೆ ಜನಾಂಗದ ಬದ್ಧವೈರಿ ಗುಂಪುಗಳವರೂ ಇದ್ದರು ಅನ್ನೋದೇ ನನಗೆ ದೊಡ್ಡ ಆಶ್ಚರ್ಯ. ಕೊನೆಗೆ 2015ರಲ್ಲಿ ಕೋರ್ಟ್ ಕೇಸು ರಾಜಿಯಾಗಿ, ಬರೀ ಗ್ಯಾಂಗಿನ ಸದಸ್ಯ ಅನ್ನೋ ಕಾರಣಕ್ಕೆ ಒಂಟಿ ಸೆಲ್‌ಗೆ ಹಾಕುವಂತಿಲ್ಲ, ನಿಯಮ ಮುರಿದದ್ದು ಸಾಬೀತಾಗಬೇಕು ಅಂತಾಯಿತು.

ಒಳಗೆ ಬರುವ ದಿನ ಅವನ ಗ್ಯಾಂಗ್ ಯಾವುದು, ವೈರಿಗಳು ಯಾರು ಅಂತ ಕೇಳಲೇಬೇಕು. ಯಾರ ಪಕ್ಕ ಯಾರನ್ನು ಹಾಕಬಾರದು ಅಂತ ತಿಳಿಯಲು ಅದು ಬೇಕೇ ಬೇಕು, ಮೊದಲ ಕೆಲವು ತಿಂಗಳು ಒಂದು ಕಣ್ಣೂ ಇರಲಿ. ಐದು ವರ್ಷ ಯಾರ ತಂಟೆಗೂ ಹೋಗದವನ ಕಡತದಲ್ಲಿ ‘ಗ್ಯಾಂಗಿನವನು’ ಅನ್ನೋ ಅದೇ ಹಳೆಯ ಪದ ಹಾಗೇ ಕೂತಿದ್ದರೆ, ಅದನ್ನು ತೆಗೆಯುವ ಅಧಿಕಾರ ಯಾರಿಗಿದೆ ಅಂತಲೂ ನಿಯಮದಲ್ಲೇ ಬರೆದಿಡಬೇಕು.

ಇಂತಿ,
ನಿಮ್ಮ ಓದುಗ