ಗೆಳೆಯನಿಗೊಂದು ಪತ್ರ: ನಿಕೋಟಿನ್ ಗಮ್ ಬಿಡೋ ಮುಂಚೆ

ಪ್ರೀತಿಯ ಗೆಳೆಯಾ,

ಸಿಗರೇಟ್ ಬಿಡೋಕೆ ಅಂತ ನಿಕೋಟಿನ್ ಗಮ್ ಹಾಕ್ಕೊಂಡರೆ ಬಿಕ್ಕಳಿಕೆ, ಎದೆಯುರಿ ಬರುತ್ತೆ, ಸಿಗರೇಟಿನ ಚಟ ಮಾತ್ರ ಹಾಗೇ ಇದೆ ಅಂತ ಬರೆದಿದ್ದೀಯ. ನೀನು ಅದನ್ನ ಬಬಲ್ ಗಮ್ ತರಹ ಒಂದೇ ಸಮ ಅಗೀತಿದ್ದೀಯ ಅನ್ಸುತ್ತೆ. ಹಾಗೆ ಅಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗಿಳಿದು ಉರಿ ಎಬ್ಬಿಸುತ್ತೆ, ಬಹುಪಾಲು ಲಿವರ್‌ನಲ್ಲೇ ವ್ಯರ್ಥವಾಗುತ್ತೆ. ಅದು ಕೆನ್ನೆಯ ಒಳಚರ್ಮದ ಮೂಲಕವೇ ರಕ್ತ ಸೇರಬೇಕು.

ನಿಧಾನ ಅಗಿ. ಮೆಣಸು ಕಚ್ಚಿದ ಹಾಗೆ ಚುರುಚುರು ಅಂದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿಡು. ಚುರುಚುರು ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಪಕ್ಕಕ್ಕೆ ಇಡು. ಒಂದು ಗಮ್ ಅರ್ಧ ಗಂಟೆ ಬರಬೇಕು. ಕಾಫಿ, ಟೀ, ಜ್ಯೂಸ್ ಕುಡಿದು 15 ನಿಮಿಷ ಕಳೆಯೋವರೆಗೂ ಗಮ್ ಬೇಡ. ಬಾಯಲ್ಲಿ ಹುಳಿ ಇದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗಲ್ಲ. ಬೆಳಗಿನ ಕಾಫಿ ಜೊತೆ ಗಮ್ ಹಾಕೋರಿಗೆಲ್ಲ ಇದೇ ಆಗೋದು.

ಎದ್ದ ಅರ್ಧ ಗಂಟೆಯೊಳಗೇ ಮೊದಲ ಸಿಗರೇಟ್ ಹಚ್ಚೋರಿಗೆ 2 ಮಿಲಿಗ್ರಾಂ ಗಮ್ ಸಾಲದು, 4 ಮಿಲಿಗ್ರಾಂನದು ಬೇಕು. ಡಾಕ್ಟರನ್ನ ಕೇಳಿ ತಗೋ. ಬರೀ ಗಮ್ ಆದರೆ ಮೊದಲ 6 ವಾರ ಒಂದೆರಡು ಗಂಟೆಗೊಂದು, ಚಟ ಏಳೋಕೆ ಕಾಯದೆ. ಆಮೇಲೆ ಇಳಿಸುತ್ತಾ 12 ವಾರಕ್ಕೆ ಮುಗಿಸು. ಸ್ವಲ್ಪ ಹಾಯೆನಿಸಿದ ಕೂಡಲೇ ಬಿಟ್ಟೋರೇ ಮತ್ತೆ ಅಂಗಡಿ ಮುಂದೆ ನಿಲ್ಲೋದು.

ನನ್ನ ಕೇಳಿದರೆ ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚೂ ಸೇರಿಸು. ಎರಡೂ ಸೇರಿದರೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ದಿನಕ್ಕೆ 10ಕ್ಕಿಂತ ಹೆಚ್ಚು ಸೇದೋರು 21 ಮಿಲಿಗ್ರಾಂನಿಂದ ಶುರುಮಾಡಬೇಕು: ಅದು 6 ವಾರ, ಆಮೇಲೆ 14 ಎರಡು ವಾರ, 7 ಎರಡು ವಾರ. ಕೂದಲಿಲ್ಲದ ಒಣ ಚರ್ಮಕ್ಕೆ, ದಿನಾ ಬೇರೆ ಜಾಗಕ್ಕೆ ಅಂಟಿಸು. ಕೆಟ್ಟ ಕನಸು ಬಿದ್ದರೆ ಮಲಗೋ ಮುಂಚೆ ಕಿತ್ತುಬಿಡು. ಪ್ಯಾಚ್ ಜೊತೆಗಿದ್ದರೆ ಗಮ್ ಚಟ ತಡೆಯಲಾರದ ಹೊತ್ತಿಗೆ ಮಾತ್ರ ಸಾಕು.

ಸಿಗರೇಟ್ ಬಿಡಿಸೋಕೆ ವರೆನಿಕ್ಲಿನ್ ಅನ್ನೋ ಮಾತ್ರೆಯೂ ಇದೆ, ಡಾಕ್ಟರ ಚೀಟಿ ಇದ್ದರೇ ಸಿಗೋದು. ಸಿಗರೇಟ್ ಬಿಡೋ ದಿನಕ್ಕೆ ಒಂದು ವಾರ ಮುಂಚೆ 0.5 ಮಿಲಿಗ್ರಾಂನಿಂದ ಶುರು. ಊಟ ಆದಮೇಲೆ ತುಂಬಿದ ಲೋಟ ನೀರಿನ ಜೊತೆ ನುಂಗಿದರೆ ವಾಕರಿಕೆ ಕಡಿಮೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳು.

ಇನ್ನೊಂದು, ಇದನ್ನ ಯಾರೂ ಹೇಳಲ್ಲ: ಹೊಗೆ ನಿಂತ ಮೇಲೆ ಲಿವರ್ ಕೆಫೀನನ್ನ ನಿಧಾನವಾಗಿ ಕರಗಿಸುತ್ತೆ. ಅಷ್ಟೇ ಕಾಫಿ ಕುಡಿದರೂ ನಿದ್ದೆ ಕೆಡುತ್ತೆ, ಎದೆ ಡವಗುಟ್ಟುತ್ತೆ. ಸಿಗರೇಟ್ ಬಿಟ್ಟಿದ್ದಕ್ಕೇ ಹೀಗಾಯ್ತು ಅಂದ್ಕೊಂಡು ಮತ್ತೆ ಹಚ್ಚುತ್ತಾರೆ. ಕಾಫಿ ಅರ್ಧಕ್ಕಿಳಿಸು. ಆಸ್ತಮಾಕ್ಕೆ ಥಿಯೋಫಿಲಿನ್ ತಗೋತಿದ್ದರೆ ಅದರ ಡೋಸೂ ಇಳಿಸಬೇಕಾದೀತು, ಡಾಕ್ಟರಿಗೆ ತಿಳಿಸು.

ಸಿಗರೇಟ್ ಪ್ಯಾಕ್ ಮೇಲೆ 1800-11-2356 ಅಂತ ಇರುತ್ತಲ್ಲ, ಅದು ಉಚಿತ ಸಹಾಯವಾಣಿ. ಬಿಡೋ ದಿನ ಯಾವುದು ಅಂತ ಗೊತ್ತುಮಾಡಿ ನಂಗೂ ಬರಿ.

ನಿನ್ನ,
ಗೆಳೆಯ