ಮಗಳಿಗೊಂದು ಪತ್ರ: ಬೆಳೆಯೇ ನಿನ್ನ ಎತ್ತರಕ್ಕೆ ಬರಲಿ

ಪ್ರೀತಿಯ ಮಗಳೇ,

ನಿನ್ನಂತೆ ಅಂಗವಿಕಲರಾದ ಗೆಳತಿಯರ ಜೊತೆ ಸೇರಿ ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲೇ ಸೊಪ್ಪು ತರಕಾರಿ ಬೆಳೆಯುತ್ತೀಯ ಎಂದು ಕೇಳಿ ತುಂಬಾ ಖುಷಿಯಾಯಿತು. "ಒಳ್ಳೇದೇ, ಹೊತ್ತು ಹೋಗುತ್ತೆ" ಅಂತ ಯಾರೋ ಹೇಳಿದರಂತೆ. ನಿನಗೆ ಬೇಜಾರಾಗಿದ್ದು ಸರಿ. ನೀವು ಹೊರಟಿರುವುದು ದುಡಿದು ಬದುಕಲು. ನಾನೂ ಇದನ್ನು ದುಡಿಮೆ ಅಂತಲೇ ನೋಡಿ ಬರೆಯುತ್ತಿದ್ದೇನೆ.

ಹೊಲದಲ್ಲಿ ಬೆಳೆ ಇದ್ದ ಕಡೆಗೆ ನಾವು ಬಗ್ಗಬೇಕು. ಇಲ್ಲಿ ಬೆಳೆಯನ್ನೇ ನಮ್ಮ ಎತ್ತರಕ್ಕೆ ತರಬಹುದು. ಅಗೆಯುವುದಿಲ್ಲ, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದಿಲ್ಲ. ಆದರೆ ಅದು ತಾನಾಗಿ ಆಗುವುದಿಲ್ಲ. ಐದಾರು ಅಂತಸ್ತಿನ ಸ್ಟ್ಯಾಂಡ್ ನೋಡಲು ಚೆಂದ. ನಿನಗೆ ಮೇಲಿನದು ಎಟುಕದು, ಕೆಳಗಿನದಕ್ಕೆ ಬಗ್ಗಲು ಆಗದು. ಒಂದೇ ಅಂತಸ್ತಿನ ಟೇಬಲ್ ಮಾಡಿಸು. ವೀಲ್‌ಚೇರಿನಲ್ಲಿ ಕೂತಾಗ ಮೊಣಕಾಲು ಒಳಗೆ ಹೋಗಲು ಕೆಳಗೆ ಸುಮಾರು 70 ಸೆಂ.ಮೀ. ಖಾಲಿ ಇರಲಿ. ಟೇಬಲ್‌ಗಳ ನಡುವೆ ಕಡಿಮೆ ಅಂದರೂ 90 ಸೆಂ.ಮೀ. ದಾರಿ ಬೇಕು, ಕುರ್ಚಿ ತಿರುಗಿಸುವ ಕಡೆ ಒಂದೂವರೆ ಮೀಟರ್. ಕೈ ಚಾಚಿದರೆ ಆಚೆಯ ಅಂಚು ಸಿಗುವಷ್ಟೇ ಅಗಲ ಸಾಕು. ಕಣ್ಣು ಕಾಣದ ಗೆಳತಿಗೆ ಪ್ರತಿ ಸಾಲಿನ ತುದಿಗೂ ಮುಟ್ಟಿದರೆ ತಿಳಿಯುವ ಗುರುತು ಅಂಟಿಸಿ. ಇನ್ನು ನೀರು. ಒಂದು ಲೀಟರ್ ಅಂದರೆ ಒಂದು ಕಿಲೋ ಭಾರ, ಅಲ್ವಾ? ಬಕೆಟ್ ಎತ್ತುವ ಮಾತೇ ಬೇಡ. ಟೇಬಲ್‌ವರೆಗೂ ಪೈಪ್ ಎಳೆಸು.

ಪಂಪಿನ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳು. ಪೈಪಿನೊಳಗೆ ತೆಳುವಾಗಿ ನೀರು ಹರಿಯುವ ಪದ್ಧತಿಯಲ್ಲಿ ಕರೆಂಟ್ ಹೋದರೆ, ಬಿಸಿಲಿದ್ದಾಗ ಕೆಲವೇ ಗಂಟೆಯಲ್ಲಿ ಗಿಡ ಬಾಡುತ್ತದೆ. ಆಗ ಓಡಾಡುವವರು ಯಾರು? ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಪಂಪೇ ಬೇಡದ ಒಂದು ವಿಧಾನ ತೋರಿಸಿಕೊಟ್ಟಿದ್ದಾರೆ. ಮುಚ್ಚಿದ ತೊಟ್ಟಿಗೆ ಪೋಷಕಾಂಶ ಬೆರೆಸಿದ ನೀರು ತುಂಬಿ, ಮುಚ್ಚಳದ ತೂತಿನಲ್ಲಿ ಸಸಿ ಕೂರಿಸುವುದು. ಗಿಡ ಕುಡಿದಂತೆ ನೀರು ಇಳಿಯುತ್ತದೆ. ಖಾಲಿಯಾದ ಜಾಗದಲ್ಲಿ ಬೇರಿಗೆ ಗಾಳಿ ಸಿಗುತ್ತದೆ. ತೊಟ್ಟಿ ಸಾಕಷ್ಟು ದೊಡ್ಡದಿದ್ದರೆ ಲೆಟ್ಯೂಸ್ ಎಂಬ ಸಲಾಡ್ ಸೊಪ್ಪು ಒಮ್ಮೆ ತುಂಬಿದ ನೀರಲ್ಲೇ ಕೊಯ್ಲಿಗೆ ಬರುತ್ತದೆ. ಮೈ ನೋವು ಜಾಸ್ತಿಯಾಗಿ ನೀನು ಎರಡು ದಿನ ಮಲಗಿದರೂ ಬೆಳೆ ಸಾಯುವುದಿಲ್ಲ. ನನಗೆ ಇದಕ್ಕಿಂತ ದೊಡ್ಡ ಲಾಭ ಕಾಣುವುದಿಲ್ಲ. ಬೆಳಕು ಮಾತ್ರ ಒಳಗೆ ಹೋಗಬಾರದು, ಪಾಚಿ ಕಟ್ಟುತ್ತದೆ.

ಎ, ಬಿ ಅಂತ ಎರಡು ಡಬ್ಬಿಯಲ್ಲಿ ಬರುವ ಪೋಷಕಾಂಶದ ಗಟ್ಟಿ ದ್ರಾವಣಗಳನ್ನು ಒಂದಕ್ಕೊಂದು ನೇರವಾಗಿ ಬೆರೆಸಬೇಡಿ. ಕ್ಯಾಲ್ಸಿಯಂ ತಳ ಹಿಡಿದು ಗಿಡಕ್ಕೆ ಸಿಗದೆ ಹೋಗುತ್ತದೆ. ಒಂದೊಂದನ್ನೇ ನೀರಿಗೆ ಹಾಕಿ. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ತಿಳಿಸುವ ಅಳತೆ ಪಿಎಚ್; ಅದು 5.5ರಿಂದ 6.5ರೊಳಗೆ ಇರಲಿ.

ಬಿತ್ತುವ ಮೊದಲು ಕೊಳ್ಳುವವರನ್ನು ಹುಡುಕಿ. ಸೊಪ್ಪು ಕಾಯುವುದಿಲ್ಲ. ಎಲ್ಲ ಒಟ್ಟಿಗೆ ಬಿತ್ತದೆ ವಾರಕ್ಕಿಷ್ಟು ಅಂತ ಬಿತ್ತಿದರೆ ಕೊಯ್ಲೂ ವಾರವಾರ ಬರುತ್ತದೆ, ದುಡ್ಡೂ ಹಾಗೇ.

ಆ ದುಡ್ಡು ನಿಮ್ಮ ನಿಮ್ಮ ಹೆಸರಿನ ಖಾತೆಗೇ ಬರಲಿ. ಅಣ್ಣಂದಿರ ಖಾತೆಗೆ ಬೇಡ, ನನ್ನದಕ್ಕೂ ಬೇಡ. ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ, ಬ್ಯಾಂಕ್ ಸಾಲ ಎಲ್ಲರಂತೆ ಪಡೆಯುವ ಹಕ್ಕನ್ನು 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ತನ್ನ 12ನೇ ವಿಧಿಯಲ್ಲೇ ಹೇಳಿದೆ. ಬೇಕಾದಾಗ ಕರೆ, ಬಂದು ಪೆಟ್ಟಿಗೆ ಎತ್ತಿಕೊಡುತ್ತೇನೆ. ಲೆಕ್ಕದ ಪುಸ್ತಕ ನೀವೇ ಇಟ್ಟುಕೊಳ್ಳಿ.

ನಿನ್ನ,
ಅಮ್ಮ